ದರ್ಜಿಯ ವಾಲ್ವು

ನಗೋರು ಈಗ್ಲೇ ನಕ್ಕುಬಿಡಿ. ಆಮೇಲೆ ನಡುವೆ ಬಾಯಿ ಹಾಕಬೇಡಿ.

ಇದು ನಮ್ಮ ಚಿಕ್ಕಪ್ಪನ ಮಗನಿಗೆ ಆ ಹಾಳುಬಾವಿ ಹತ್ತಿರ ಆಗಿದ್ದು. ಆ ಅಣ್ಣನ ಹೃದಯಕ್ಕೆ ಲೋಹದ ವಾಲ್ವು ಹಾಕಿದಾರೆ. ಸುತ್ತ ಸದ್ದಿಲ್ಲದಿದ್ರೆ ನಮಗೂ ಕೇಳುತ್ತೆ... ಟಿಕ್... ಟಿಕ್. ಆಸ್ಪತ್ರೆಯಲ್ಲಿ ಪಕ್ಕದ ಮಂಚದ ದರ್ಜಿಗೂ ಅಂಥದ್ದೇ ಹಾಕಿದ್ರು. ದೀಪ ಆರಿಸಿದ ಮೇಲೆ ಯಾರದ್ದು ಜೋರು ಅಂತ ಇಬ್ಬರೂ ಚಿಕ್ಕ ಮಕ್ಕಳ ಹಾಗೆ ಜಗಳ ಆಡೋರು. ಮನೆಗೆ ಹೋದ ಮೇಲೆ ದರ್ಜಿಗೆ ಜ್ವರ ಬಂತು. ವಾಲ್ವಿಗೆ ಸೋಂಕು ತಗುಲಿ ಹೋಗೇಬಿಟ್ಟ. ಸುದ್ದಿ ಕೇಳಿ ಅಣ್ಣ ಅಳಲಿಲ್ಲ. ಊಟ ಮಾಡಿ ಕೆಲಸಕ್ಕೆ ಹೋದ.

ಆಮೇಲೊಂದಿನ ಹಲ್ಲು ಕೀಳಿಸಿದ. ಹಲ್ಲಿನ ಕ್ರಿಮಿ ರಕ್ತಕ್ಕಿಳಿದು ವಾಲ್ವಿಗೆ ಹತ್ತುತ್ತೆ, ಅದಕ್ಕೂ ಮುಂಚೆ ಆಂಟಿಬಯಾಟಿಕ್ ನುಂಗು ಅಂತ ಡಾಕ್ಟರು ಬಡ್ಕೊಂಡಿದ್ರು. ಮಹಾರಾಯ ಮರೆತ! ಜ್ವರ ಹಿಡೀತು, ಬಿಡಲೇ ಇಲ್ಲ. ಹಾಗೇ ಪ್ರಿಂಟಿಂಗ್ ಪ್ರೆಸ್ಸಿನ ರಾತ್ರಿ ಪಾಳಿ ಮುಗಿಸಿ ನಡೆದು ಬರ್ತಿದ್ದ. ಮೈ ಕೆಂಡ, ಮನಸ್ಸು ಮಾತ್ರ ಮರಗಟ್ಟಿತ್ತಂತೆ. ಬಾವಿ ದಾಟಿದ...

ಟಿಕ್. ಅದು ಅವನದ್ದು.

ಟಿಕ್. ಇದು... ಹಿಂದಿನಿಂದ.

ನಿಂತ. ಅದು ನಿಲ್ಲಲಿಲ್ಲ. ಹತ್ತಿರ ಬಂತು.

"ಜ್ವರಾನಾ?" ಪಿಸುದನಿ. ದರ್ಜೀದೇ.

"ಹೂಂ."

"ಆಸ್ಪತ್ರೆಗೆ?"

"ಬೆಳಿಗ್ಗೆ ಹೋದ್ರಾಯ್ತು."

"ನಾನೂ ಬೆಳಿಗ್ಗೆ ಅಂದಿದ್ದೆ ಕಣೋ..."

ಅಣ್ಣ ತಿರುಗಿ ನೆಟ್ಟಗೆ ಆಸ್ಪತ್ರೆಗೆ ನಡೆದ. ಆ ಸದ್ದೂ ಜೊತೆಗೇ ಬಂತು.

ಡಾಕ್ಟರಮ್ಮ ಎದೆಗೆ ಸ್ಟೆತಸ್ಕೋಪ್ ಇಟ್ಟರು. ತೆಗೆದರು. ಮತ್ತೆ ಇಟ್ಟರು.

"ಎರಡು ವಾಲ್ವು ಹಾಕಿದಾರಾ?"

"ಒಂದೇ."

ಅವರು ರಕ್ತ ತೆಗೆದು ಆಗಲೇ ಡ್ರಿಪ್ ಹಾಕಿಸಿದರು. ವಾಲ್ವಿನ ಮೇಲೆ ಬ್ಯಾಕ್ಟೀರಿಯಾ ಕೂತಿತ್ತಂತೆ. ಇನ್ನೆರಡು ದಿನ ತಡ ಆಗಿದ್ರೆ ಕಷ್ಟ ಇತ್ತು ಅಂದ್ರು. ಆರು ವಾರ ನರಕ್ಕೆ ಔಷಧಿ. ಬದುಕಿದ.

ಸುಳ್ಳು ಅನ್ನೋರು ಬನ್ನಿ, ಅಣ್ಣನ ಮನೆಗೆ ಕರ್ಕೊಂಡು ಹೋಗ್ತೀನಿ. ನಾನೇ ಕಿವಿ ಇಟ್ಟು ಕೇಳಿದೀನಿ... ಎರಡು. ಹೆದರಿಕೆ ಆಗ್ಲಿಲ್ಲ. ಏನೂ ಆಗ್ಲಿಲ್ಲ.

ದರ್ಜಿ ಹೆಂಡತಿ ಆಗಾಗ ಬರ್ತಾರೆ. ಅಣ್ಣನ ಎದೆಗೆ ಕಿವಿ ಇಟ್ಟು, ಕಣ್ಣು ಮುಚ್ಚಿ ಕೂರ್ತಾರೆ. ಅತ್ತಿಗೆ ಚಹಾಕ್ಕೆ ನೀರಿಡ್ತೀನಿ ಅಂತ ಒಳಗೆ ಹೋದೋರು, ಅವರಾಗಿ ಏಳೋವರೆಗೂ ಆಚೆ ಬರಲ್ಲ.