ಗೆರೆಯಾಚೆಯ ದನಿ

ಎಂಬತ್ತೆಂಟರ ದಸರೆಗೆ ಮುಂಚೆ, ರಾಯಬಾಗದ ನಿಲ್ದಾಣದಲ್ಲಿ ಚಿಕ್ಕೋಡಿ ಬಸ್ಸಿಗೆ ಕಾಯುತ್ತಿದ್ದ ಕಸ್ತೂರೆವ್ವನ ಬೆನ್ನ ಹಿಂದೆ ಇಬ್ಬರು ಮಾತಾಡುತ್ತಿದ್ದರು. ಒಬ್ಬ, ಕೊರಳಲ್ಲಿ ಸೀಟಿ ಹಾಕಿಕೊಂಡಿದ್ದ ಆಟದ ಮಾಸ್ತರ. ಇನ್ನೊಬ್ಬ, ಕಂಬಳಿ ಹೊದ್ದ ಕುರಿಗಾರ.

"ಭರಮಣ್ಣ, ಇವತ್ತಿನ ಖೋಖೋ ನೋಡಾಕ ನೀ ಬರಬ್ಯಾಡ."

"ಯಾಕ್ರಿ ಸರ? ನಾ ಸುಣ್ಣದ ಗೆರಿ ದಾಟಿಲ್ರಿ."

"ನಿನ್ನ ದನಿ ದಾಟಿತಲ್ಲೋ. ಹಿಂದಿನಾಕಿ ಖೋ ಕೊಡೂತನಕ ನಿನ್ನ ಮಗಳು ಶೋಭಾ ಕುಂತಿರಬೇಕು. ನೀ 'ಏಳವ್ವಾ, ಓಡು' ಅಂತ ಒದರಿದಿ. ಎದ್ದು ಓಡಿಬಿಟ್ಲು. ಫೌಲ್ ಆತು."

"ಅವರವ್ವ ಹೋದಮ್ಯಾಲ ಅಡವ್ಯಾಗ ಕುರಿ ಹಿಂದ ನಾವಿಬ್ರ ಇರ್ತಿದ್ವಿ. ಆವಾಗಿಂದ ನನ್ನ ದನಿಗೇ ಓಡ್ಯಾಳ್ರಿ."

"ಅದಕ್ಕ ಹೇಳಾಕತ್ತೀನಿ."

"ಬಾಯಾಗ ರುಮಾಲ ತುರುಕ್ಕೊಂಡು ಕುಂಡ್ರತೀನ್ರಿ."

"ಹೋದ ಸಲಾನೂ ಹಂಗ ಅಂದಿದ್ದಿ."

"ಹೆಡ್ ಮಾಸ್ತರು ಹೇಳಿ ಕಳಿಸ್ಯಾರೇನ್ರಿ?"

ಮಾಸ್ತರ ಸೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡ.

"ಇಲ್ಲೋ. ಶೋಭಾನ ಹೇಳ್ಯಾಳ."



"ಹೆಂಗ ಹೇಳಿದ್ಲರಿ? ಸಿಟ್ಟಿಲೆ?"

"ಇಲ್ಲ. ಅಳಕೋತ."

ಬಸ್ಸು ಬಂತು. ಕಸ್ತೂರೆವ್ವ ಹತ್ತಿ ಕೂತಳು. ಮಾಸ್ತರ ಅವಳ ಮುಂದಿನ ಸೀಟು ಹಿಡಿದ. ಕೆಳಗೆ ನಿಂತ ಭರಮಣ್ಣ ಕಿಟಕಿಯೊಳಗೆ ಒಂದು ಬುತ್ತಿಗಂಟು ತೂರಿಸಿದ.

"ಆಟ ಮುಗದಮ್ಯಾಲ ಕೊಡ್ರಿ ಸರ."

"ಈಗ ಹೋಗಿ ಕೊಟ್ರ ಏನಾಕೈತೋ? ಹಸದಿರ್ತಾಳ."

"ಬ್ಯಾಡ್ರಿ," ಎಂದ ಭರಮಣ್ಣ. "ಮೊದಲ ಕೊಟ್ರ, ಅಪ್ಪ ಬಂದಾನಂತ ಹುಡುಕ್ತಾಳ."

ಬಸ್ಸು ಹೊರಟಿತು.