ಹಿಂದಕ್ಕೆ ನಡೆಯುವ ವಿದ್ಯೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನನ್ನ ಕಾಲುಗಳನ್ನು ಸಹಿಸಿಕೊಂಡ ಗುರುಗಳೇ, ಮಕ್ಕಳ ಕುಣಿತ ನೋಡಲು ಬಂದು ನನ್ನ ಮಾತಿಗೆ ಸಿಕ್ಕಿಬಿದ್ದಿರುವ ಸಭಿಕರೇ,

ಈ ನೃತ್ಯಶಾಲೆಯ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಗಳ ಪರವಾಗಿ ಮಾತಾಡಲು ನನ್ನನ್ನು ನಿಲ್ಲಿಸಿದ್ದಾರೆ. ಅರವತ್ತು ದಾಟಿದ ವಿದ್ಯಾರ್ಥಿ! ಮನೆ ಸಾಮಾನು ಸಾಗಿಸುವವನಿಗೂ ವಾಲ್ಟ್ಸ್ ಎಂಬ ಜೋಡಿ ನೃತ್ಯಕ್ಕೂ ಏನು ಸಂಬಂಧ? ನನ್ನ ಹೆಂಡತಿಯೂ ಅದನ್ನೇ ಕೇಳಿದಳು.

ಮೊದಲು ಇಲ್ಲಿ ಸೇರಿದವಳು ಅವಳು. ಮಂಡಿನೋವಿಗೆ ಒಳ್ಳೆಯದೆಂದು ಯಾರೋ ಹೇಳಿದ್ದರಂತೆ. ಅವಳ ಮಂಡಿನೋವು ಇಳಿಯಿತು, ನನಗೆ ಹೊಟ್ಟೆಯುರಿ ಏರಿತು. ಯಾಕೆಂದರೆ ಅವಳ ಜೋಡಿ ನಮ್ಮ ಹಲ್ಲಿನ ಡಾಕ್ಟರು! “ಡಾಕ್ಟರು ಎಷ್ಟು ನಯವಾಗಿ ತಿರುಗಿಸ್ತಾರೆ ಗೊತ್ತಾ?” ಎಂದು ಸೌಟು ಹಿಡಿದುಕೊಂಡೇ ಒಂದು ಸುತ್ತು ಸುತ್ತುತ್ತಿದ್ದಳು. ಮಹನೀಯರೇ, ನನ್ನ ದವಡೆ ಹಲ್ಲು ಕೀಳುವಾಗ ಆ ನಯ ಎಲ್ಲಿ ಹೋಗಿತ್ತು? ಡಾಕ್ಟರೇ, ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದೀರಿ, ಸಂತೋಷ.

ನಾನೂ ಸೇರಿದೆ. ವಾರ್ಷಿಕೋತ್ಸವದ ವಾಲ್ಟ್ಸ್ ನನ್ನ ಜೊತೆಗೇ ಆಗಬೇಕೆಂದು ಹಟ ಹಿಡಿದೆ. “ಮೊದಲು ಕಲೀರಿ. ಕಾಲು ತುಳಿದ್ರೆ ಡಾಕ್ಟರೇ ಗತಿ” ಎಂದಳು.

ಕಲಿತೆನೇ? ಮೊದಲ ಪಾಠದಲ್ಲೇ ಅವಳನ್ನು ಹಿಡಿದು ನೂಕಿದೆ. ಗುರುಗಳು ಓಡಿಬಂದರು. “ಸಾರ್, ಸಾರ್! ಅವರು ಮೇಡಂ, ಬೀರು ಅಲ್ಲ! ಕೈಯಿಂದ ತಳ್ಳಬೇಡಿ. ನಿಮ್ಮ ಎದೆ ಎತ್ತ ಹೊರಡುತ್ತೋ ಅತ್ತ ಅವರು ಬರ್ತಾರೆ.” ನನ್ನ ಎದೆಗೆ ಎತ್ತ ಹೊರಡಬೇಕೆಂದೇ ಗೊತ್ತಿರಲಿಲ್ಲ. ನಮ್ಮ ಗೋದಾಮಿನಲ್ಲಿ ಪೆಟ್ಟಿಗೆಗಳ ನಡುವೆ ಅಭ್ಯಾಸ ಮಾಡಿದೆ. “ಯಜಮಾನ್ರ ಕಾಲಿಗೆ ಮೊಳೆ ಚುಚ್ತೇನೋ?” ಎಂದು ಹಮಾಲರು ಗುಸುಗುಸು. ಇನ್ನು ರುಂಬಾ ಅನ್ನೋ ಇನ್ನೊಂದು ಕುಣಿತ! ಭಾರವನ್ನೆಲ್ಲ ಒಂದು ಕಾಲಿಗೆ ಕೊಟ್ಟು ಮಂಡಿ ನೆಟ್ಟಗೆ ಮಾಡಿದರೆ ಸೊಂಟ ತಾನಾಗಿ ಆಡುತ್ತದಂತೆ. ನನ್ನ ಸೊಂಟ ಸ್ಥಿರಾಸ್ತಿ. ಅಲ್ಲಾಡಲಿಲ್ಲ.

ಕಳೆದ ವಾರ ಅವಳ ಹೆಬ್ಬೆರಳನ್ನೇ ತುಳಿದೆ. ಅವಳು ಕೂತು ಬೂಟು ಬಿಚ್ಚಿದಳು. “ಜೋಡಿಯಾಗಿ ಬರೋಕೆ ಡಾಕ್ಟರಿಗೇ ಹೇಳಿಬಿಡ್ತೀನಿ ರೀ” ಎಂದಳು, ಕೋಪವಿಲ್ಲದೆ. ಕೋಪವಿದ್ದಿದ್ದರೆ ಚೆನ್ನಾಗಿತ್ತು. ಆಗ ಗುರುಗಳು, “ಒಂದ್ಸಲ ಅದಲುಬದಲು ಮಾಡೋಣ. ಮೇಡಂ ನಡೆಸಲಿ. ಸಾರ್, ನೀವು ಹಿಂದಕ್ಕೆ ನಡೀರಿ” ಎಂದರು.

ಹಿಂದಕ್ಕೆ! ಸಭಿಕರೇ, ಬೀರುವನ್ನು ಮೆಟ್ಟಿಲು ಇಳಿಸುವಾಗ ಕೆಳಗೆ ಹಿಡಿದವನು ಹಿಮ್ಮುಖವಾಗಿ ಇಳಿಯಬೇಕು. ನನ್ನ ಯೌವನವೆಲ್ಲ ಹಾಗೇ ಇಳಿಯಿತು. ಮೇಲಿನಿಂದ ನಮ್ಮಣ್ಣ, “ಬಾ, ಬಾ, ಸ್ವಲ್ಪ ಎಡಕ್ಕೆ, ನಾನಿದ್ದೀನಿ ಬಾರೋ” ಎನ್ನುತ್ತಿದ್ದ. ಅವನ ಮಾತು ನಂಬದಿದ್ದರೆ ಬೀರು ನನ್ನ ಎದೆಯ ಮೇಲೆ. ಅಣ್ಣ ತೀರಿಕೊಂಡ ಮೇಲೆ ನಾನು ಮಾಲೀಕನಾದೆ. ಅಲ್ಲಿಂದಾಚೆಗೆ ಇನ್ನೊಬ್ಬರನ್ನು ನಂಬಿ ಒಂದು ಹೆಜ್ಜೆ ಹಿಂದಿಟ್ಟವನಲ್ಲ. ವ್ಯಾಪಾರದಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಇದು ಬರೆದುಕೊಂಡು ಬಂದ ಮಾತಲ್ಲ, ಬಾಯಿಗೆ ಬಂದುಬಿಟ್ಟಿತು.

ಅವಳು ನನ್ನ ಬೆನ್ನಿಗೆ ಕೈಯಿಟ್ಟಳು. ಸಂಗೀತ ಶುರುವಾಯಿತು. ನನ್ನ ಕಾಲುಗಳಿಗೆ ಎಲ್ಲವೂ ಗೊತ್ತಿತ್ತು, ಸ್ವಾಮಿ! ಬೆರಳು ಮೊದಲು, ಹಿಮ್ಮಡಿ ಆಮೇಲೆ. ಒಂದು ಕುರ್ಚಿಗೂ ತಾಗದೆ ಇಡೀ ಕೋಣೆ ಸುತ್ತಿದೆವು. “ಅಯ್ಯೋ, ಇಷ್ಟು ಹಗುರಾನಾ ನೀವು!” ಎಂದು ಅವಳು ಕಿವಿಯ ಹತ್ತಿರವೇ ನಕ್ಕಳು. ಇಷ್ಟು ವರ್ಷದ ಸಂಸಾರದಲ್ಲಿ ಆ ನಗುವನ್ನು ಅಷ್ಟು ಹತ್ತಿರದಿಂದ ನಾನು ಕೇಳಿರಲಿಲ್ಲ.

ಆಮೇಲೆ ಕೇಳಿದಳು. “ಅಷ್ಟು ಜನದ ಮುಂದೆ ನಾನು ನಡೆಸೋದು, ನೀವು ಹಿಂದೆ ಹೋಗೋದು. ಆಗುತ್ತಾ? ನಿಮ್ಮ ಗಿರಾಕಿಗಳು ನಕ್ಕರೆ?”

ಇವತ್ತಿನವರೆಗೂ ನಾನು ಉತ್ತರ ಕೊಟ್ಟಿಲ್ಲ. ಅವಳು ಅಗೋ, ಪರದೆಯ ಪಕ್ಕದಲ್ಲಿ ನಿಂತಿದ್ದಾಳೆ. ಡಾಕ್ಟರೂ ಬೂಟಿನ ಲೇಸು ಬಿಗಿದುಕೊಂಡು ಸಿದ್ಧರಾಗಿದ್ದಾರೆ.

ಆಗುತ್ತೆ ಕಣೇ! ಡಾಕ್ಟರೇ, ನೀವು ಆರಾಮಾಗಿ ಕೂತು ನೋಡಿ. ಗಿರಾಕಿಗಳೇ, ನಗುವುದಿದ್ದರೆ ಧಾರಾಳವಾಗಿ ನಕ್ಕುಬಿಡಿ. ನನಗೆ ನೀವ್ಯಾರೂ ಕಾಣುವುದಿಲ್ಲ. ನನ್ನ ಎದುರಿಗೆ ಅವಳಿರುತ್ತಾಳೆ.

ಕಲಿಸಿದ ಗುರುಗಳಿಗೂ ಕೇಳಿದ ನಿಮಗೂ ನಾನು ಋಣಿ. ಈ ಮೈಕನ್ನು ಯಾರಾದರೂ ಹಿಡಿದುಕೊಳ್ಳಿ, ನನ್ನ ಕೈ ಖಾಲಿ ಇರಬೇಕು. ನಮಸ್ಕಾರ.