ಹಲಗೆಯ ಮೇಲಿನ ಹದಿನೇಳು

…ಹಂಗಂತ ಟವೆಲ್ ಸುತ್ಕೊಂಡು ಬೆಂಚಿನ ಮೇಲೆ ಕೂತ್ಬಿಟ್ರೆ ಆಯ್ತಾ ನೋಲಾ? ಎಲ್ಲರೂ ಈಜಿ ಮೇಲೆ ಬಂದಾಯ್ತು. ಆ ಅಂಚೆಯ ಗ್ರಹಾಂ ಕೂಡ, ಸೊಂಟ ನೋವು ಸೊಂಟ ನೋವು ಅಂತ ಕೊರಗೋನು, ಎರಡು ಸುತ್ತು ಹೊಡೆದು ಅಲ್ಲಿ ಟೀ ಹೀರ್ತಿದ್ದಾನೆ. ನೀನು ಇನ್ನೂ ಶೂ ಬಿಚ್ಚಿಲ್ಲ.

ಏನು, ಹಲಗೆ ನೋಡ್ತಿದ್ದೀಯಾ? ಹದಿನೇಳು ಡಿಗ್ರಿ. ನಾನೇ ಬರೆದದ್ದು, ಬೆಳಿಗ್ಗೆ ಆರೂವರೆಗೆ. ಹನ್ನೊಂದು ವರ್ಷದಿಂದ ಸಮುದ್ರದಂಚಿನ ಈ ಬಂಡೆಕೊಳದ ಗೇಟು ತೆಗೆಯೋಳು ನಾನು, ಹಗ್ಗದ ತುದಿಯ ಉಷ್ಣಮಾಪಕ ನೀರಿಗೆ ಇಳಿಬಿಡೋಳು ನಾನು, ಸೀಮೆಸುಣ್ಣ ಹಿಡಿಯೋಳೂ ನಾನೇ. ಒಬ್ಬರಾದ್ರೂ ಒಂದು ದಿನ, "ಬೆರಿಲ್, ಇವತ್ತು ನೀನು ಮಲಗು, ನಾನು ಬರೀತೀನಿ" ಅಂದಿದ್ದಾರಾ?

ನಿನ್ನ ಡಾಕ್ಟರ್ ಪಪಾಸ್ ಏನಂದ್ರು? ಎದೆಬಡಿತ ಹದ ತಪ್ಪಿದೆ, ಹದಿನಾರಕ್ಕಿಂತ ತಣ್ಣಗಿದ್ರೆ ಇಳೀಬೇಡಿ ಅಂದ್ರು. ಸರಿ. ಹದಿನೇಳು ಹದಿನಾರಕ್ಕಿಂತ ಹೆಚ್ಚೋ ಕಮ್ಮಿಯೋ? ನಾನು ಶಾಲೆ ಬಿಟ್ಟು ಹಾಲು ಕರೆಯೋಕೆ ಹೋದೋಳು, ನನಗೇ ಇಷ್ಟು ಗೊತ್ತು.

ಯಾಕೆ ನಗ್ತೀಯ? …ಓ, ನಗು ಅಲ್ಲ ಅದು.

ನೋಡೇ, ಇವತ್ತು ಸೆಪ್ಟೆಂಬರಿನ ಕೊನೇ ಭಾನುವಾರ, ಈ ಚಳಿಗಾಲದ ಕೊನೇ ಈಜು. ನಮ್ಮ ಈಜು ಸಂಘದ ಕಟ್ಟಳೆ ನಿನಗೆ ಹೇಳಬೇಕಾ? ಚಳಿಗಾಲಕ್ಕೆ ಮೂರು ಭಾನುವಾರ ತಪ್ಪಿದ್ರೆ ಮಾಫಿ, ನಾಲ್ಕನೇದು ತಪ್ಪಿದ್ರೆ ಹೆಸರಿನ ಬಿಲ್ಲೆ ಗೋಡೆಯ ಮೊಳೆಯಿಂದ ಕೆಳಗೆ, ಚಳಿಗಾಲಗಳ ಎಣಿಕೆ ಮತ್ತೆ ಒಂದರಿಂದ. ನೀನು ಮೂರು ತಪ್ಪಿಸಿದ್ದಾಯ್ತು. ಇವತ್ತು ಸುಮ್ನೆ ಒಂದು ಮುಳುಗು ಹಾಕು, ಮೂವತ್ತು ಚಳಿಗಾಲ ತುಂಬುತ್ತೆ. ಮರದ ಬಿಲ್ಲೆ ಹೋಗಿ ಹಿತ್ತಾಳೆದು ಬರುತ್ತೆ. ಎಪ್ಪತ್ತೆಂಟರ ವಯಸ್ಸಿಗೆ ಮತ್ತೆ ಒಂದರಿಂದ ಶುರು ಮಾಡ್ತೀಯಾ?

ಹ್ಞೂಂ, ಗೊತ್ತು. ಈಶಾನ್ಯದ ಗಾಳಿ ಮೂರು ದಿನದಿಂದ ಬೀಸ್ತಿದೆ. ಮೇಲೆ ಬೆವರು ಬರೋ ಬಿಸಿಲು, ಗಾಳಿ ಮಾತ್ರ ದಡದ ನೀರನ್ನ ಆಚೆ ತಳ್ಳಿ ತಳದ ಕೊರೆಯೋ ನೀರನ್ನ ಎತ್ತಿ ತರುತ್ತೆ. ನನಗೆ ಪಾಠ ಹೇಳ್ಬೇಡ. ಈ ಸಮುದ್ರ ಯಾವಾಗ್ಲೂ ತಡವಾಗಿ ಏಳೋ ಗಂಡಸಿನ ಹಂಗೆ. ಕ್ರಿಸ್ಮಸ್ಸಿನ ಬೇಸಿಗೆಗೆ ನಾವು ಬೆಂದು ಹೋಗ್ತಿರ್ತೀವಿ, ಇದು ಇನ್ನೂ ಕಣ್ಣುಜ್ಜುತ್ತಿರುತ್ತೆ. ಮಾರ್ಚಿನಲ್ಲಿ ಮಕ್ಕಳೆಲ್ಲ ಶಾಲೆಗೆ ಹೋದಮೇಲೆ ಬೆಚ್ಚಗಾಗುತ್ತೆ, ಯಾರಿಗೆ ಬೇಕು ಆಗ? ಮೊನ್ನೆ ಸಿಡ್ನಿಯಿಂದ ಬಂದ ಜೋಡಿ ಬಿಸಿಲು ನಂಬಿ ಧುಮುಕಿ, ಕಿರುಚಿಕೊಂಡು ಮೇಲೆ ಬಂದ್ರು…

…ಇಲ್ಲ, ಅಷ್ಟೇನೂ ತಣ್ಣಗಿರಲಿಲ್ಲ. ಪೇಟೆಯವರು, ಅಷ್ಟೇ.

ಗ್ರಹಾಂ ಏನಂದ? "ಈ ವರ್ಷದ ಹದಿನಾರು ಹಲ್ಲಿಟ್ಟು ಕಚ್ಚುತ್ತೆ ಬೆರಿಲ್" ಅಂದ. ನಿನಗೆ ವಯಸ್ಸಾಯ್ತು ಅಂದೆ.

ಮತ್ತೆ ಆಗಸ್ಟಿನ ಮಾತು ತೆಗೀಬೇಡ. ಆವತ್ತು ನಿನ್ನ ತುಟಿ ನೀಲಿಗಟ್ಟಿದ್ದು ನೀನು ಖಾಲಿ ಹೊಟ್ಟೆಯಲ್ಲಿ ಬಂದಿದ್ದಕ್ಕೆ. ಒಂದು ಚೂರು ಟೋಸ್ಟ್ ತಿಂದು ಬಾ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ. ಬೆರಳು ಮರಗಟ್ಟಿ ಗುಂಡಿ ಹಾಕ್ಕೊಳಕ್ಕಾಗದೆ ಕೂತಿದ್ದೆ, ನಾನೇ ಅಲ್ವಾ ಒಂದೊಂದೇ ಗುಂಡಿ ಹಾಕಿ, ಕಾರಲ್ಲಿ ಕೂರಿಸಿ, ಮನೆಗೆ ಬಿಟ್ಟಿದ್ದು?

ಏನದು ಟವೆಲ್ ಒಳಗೆ? ತೋರ್ಸು.

ಅಯ್ಯೋ ಮಾರಾಯ್ತಿ. ಇದು ನಿನ್ನ ಕಿತ್ತಳೆ ಮಾರ್ಮಲೇಡಿಗೆ ಅದ್ದೋ ಉಷ್ಣಮಾಪಕ ಅಲ್ವೇನೇ? ಸಮುದ್ರಕ್ಕೆ ಯಾಕೆ ತಂದೆ, ಪಾಕ ಬಂತಾ ನೋಡೋಕಾ?

…

ಒದ್ದೆಯಾಗಿದೆ.

ನಾನು ಕೆಟಲಿಗೆ ನೀರು ತುಂಬೋಕೆ ಹೋದಾಗ ಮೆಟ್ಟಿಲಿಳಿದಿದ್ದೀಯ.

ಎಷ್ಟು ತೋರಿಸ್ತು, ಹೇಳು. ಅಡಿಗೆಮನೆಯದು ಸರಿಯಾಗಿ ತೋರಿಸಲ್ಲ, ಅದು ಕುದಿಯೋದಕ್ಕೆ ಅಂತ ಮಾಡಿರೋದು… ಹೇಳೇ. ಬೈಯ್ಯಿ ಬೇಕಾದ್ರೆ. ಹಂಗೆ ನೋಡ್ಬೇಡ.

ಹದಿಮೂರೂವರೆ. ಗೊತ್ತು ನನಗೆ.

ಹಲಗೆ ಸುಳ್ಳು ಅಂತ ಜೂನಿನಿಂದ ಗೊತ್ತು. ಜೂನ್ ಮೊದಲ ಭಾನುವಾರ ಹದಿನೈದಿತ್ತು. ನೀನು ಗೇಟಿನ ಹತ್ರ ನಿಂತು, "ಹದಿನಾರಿದ್ರೆ ಇಳೀತೀನಿ ಬೆರಿಲ್, ಇಲ್ದಿದ್ರೆ ಈ ವರ್ಷ ಬಿಟ್ಬಿಡ್ತೀನಿ" ಅಂದೆ. ಕೈಯಲ್ಲಿ ಸೀಮೆಸುಣ್ಣ ಇತ್ತು. ಒಂದೇ ಒಂದು ಡಿಗ್ರಿ ಅಂದ್ಕೊಂಡೆ. ಜುಲೈಗೆ ಹದಿನಾಲ್ಕಾಯ್ತು. ಅಷ್ಟೊತ್ತಿಗೆ ಹದಿನಾರು ಅಂತ ಬರೆಯೋದು ಕೈಗೆ ಅಭ್ಯಾಸವಾಗಿತ್ತು.

ನೀನಿಲ್ಲದ ಆ ಮೂರು ಭಾನುವಾರ ನಾನು ಈಜಿಲ್ಲ ನೋಲಾ. ಕೊಳದಂಚಿನ ಸರಪಳಿ ಹಿಡ್ಕೊಂಡು ಸೊಂಟದವರೆಗೂ ನಿಂತಿದ್ದು, ತಲೆಗೆ ನೀರು ಚಿಮುಕಿಸ್ಕೊಂಡು ಮೇಲೆ ಬಂದು, ಈಜಿದೆ ಅಂತ ನನ್ನ ಹೆಸರಿನ ಮುಂದೆ ಗುರುತು ಹಾಕ್ದೆ. ಈಜೋಕೆ ಹೊರಟ್ರೆ ಪಕ್ಕದಲ್ಲಿ ನಿನ್ನ ಉಸಿರಿನ ಸದ್ದಿಲ್ಲ. ಕಾಲು ಮುಂದೆ ಹೋಗಲ್ಲ. ಇದನ್ನ ಯಾರ ಹತ್ರ ಹೇಳಲಿ, ಹೇಳು?

ಟವೆಲ್ ಮಡಿಸ್ತಿದ್ದೀಯ. ಮಡಿಸು.

ತಾಳು, ಹಲಗೆ ಒರೆಸ್ತೀನಿ. ನಿನ್ನ ಕಣ್ಣೆದುರೇ ಸರಿಯಾದ್ದು ಬರೀತೀನಿ… ನಿಂತ್ಕೋ ನೋಲಾ. ಒಂದು ಮಾತಾದ್ರೂ ಆಡು. ಆಗಸ್ಟಿನ ಆ ಭಾನುವಾರ ಎಷ್ಟಿತ್ತು ಅಂತನಾದ್ರೂ ಕೇಳು.

ಕೇಳಲ್ವಾ.

ಹನ್ನೆರಡೂವರೆ ಇತ್ತು ಕಣೇ. ಹನ್ನೆರಡೂವರೆ ಅಂತ ಗೊತ್ತಿಟ್ಕೊಂಡೇ ನಿನ್ನ ಗುಂಡಿ ಹಾಕ್ದೆ, ಒಂದೊಂದಾಗಿ, ಕುತ್ತಿಗೆವರೆಗೂ.